ಗಾಜು ಒರೆಸುವ ಅತ್ತೆಯ ಬಲಭುಜ

ನಮ್ಮತ್ತೆ ಗಾಜು ಒರೆಸುವವರು. ಹೀಗೆಂದ ಕೂಡಲೇ ಯಾರದೋ ಮನೆಗೆಲಸಕ್ಕೆ ಹೋಗುತ್ತಾರೆಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ನಮ್ಮ ಮನೆಯ ತಿರುವಿನಿಂದ ಬಸ್ ನಿಲ್ದಾಣದವರೆಗೆ ಸಾಲಾಗಿ ನಿಂತಿರುವ ಅಂಗಡಿಗಳ ಮುಂದಿನ ಗಾಜೆಲ್ಲ ಅವರ ಪಾಲಿನದು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಬ್ಯಾಂಕು, ಕೂದಲು ಕತ್ತರಿಸುವ ಅಂಗಡಿ, ತುದಿಯಲ್ಲಿ ಕನ್ನಡಕದಂಗಡಿ. ಬೆಳಿಗ್ಗೆ ಶಟರುಗಳು ಏಳುವ ಹೊತ್ತಿಗೆ ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ವೈಪರ್ ಹಿಡಿದು ಅತ್ತೆ ಬೀದಿಯಲ್ಲಿರುತ್ತಾರೆ. ಬೀದಿಯವರು ಅವರನ್ನು ಗಾಜಮ್ಮ ಅನ್ನುತ್ತಾರೆ. ಮೊದಮೊದಲು ಅದನ್ನು ಕೇಳಿದರೆ ನನಗೆ ಮುಜುಗರವಾಗುತ್ತಿತ್ತು. ಅತ್ತೆಗೆ ಇಲ್ಲ. "ಎದುರಿಗೇ ಕರೀತಾರಲ್ಲ, ಅಷ್ಟು ಸಾಕು. ಬ್ಯಾಂಕ್ ಮ್ಯಾನೇಜರನ್ನ ಹಿಂದಿನಿಂದ ಏನೇನು ಕರೀತಾರೆ ಅಂತ ನನಗೆ ಗೊತ್ತು," ಅನ್ನುತ್ತಾರೆ.

ಅವರ ಕೆಲಸವನ್ನು ನಾನು ಮೊದಲ ಸಲ ನಿಂತು ನೋಡಿದ್ದು ಮದುವೆಯಾದ ಹೊಸತರಲ್ಲಿ. ಸೋಪಿನ ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಗಾಜಿಗೆಲ್ಲ ನೊರೆ ಬಳಿಯುತ್ತಾರೆ. ಆಮೇಲೆ ವೈಪರನ್ನು ತೀರಾ ಮೇಲಂಚಿಗೆ ಒತ್ತಿ, ಎಡಕ್ಕೂ ಬಲಕ್ಕೂ ಹಾವಿನ ಹಾಗೆ ಹರಿಸುತ್ತ, ಎಲ್ಲೂ ಕೈಯೆತ್ತದೆ ಕೆಳಗಿನವರೆಗೆ ಎಳೆದು ತರುತ್ತಾರೆ. ನಡುವೆ ಎಲ್ಲಾದರೂ ಕೈ ನಿಂತರೆ ಅಲ್ಲೊಂದು ನೀರಿನ ಗೆರೆ ಕೂರುತ್ತದೆ. ಬಿಸಿಲು ಬಿದ್ದಾಗ ಆ ಗೆರೆ ಬೀದಿಗೆಲ್ಲ ಕಾಣುತ್ತದೆ. ಆದ್ದರಿಂದ ಶುರುಮಾಡಿದ ಎಳೆತವನ್ನು ಮುಗಿಸಲೇಬೇಕು. ವೈಪರಿಗೆ ಹೊಸ ರಬ್ಬರ್ ಹಾಕಿದ ದಿನ ಅತ್ತೆ ಮೊದಲು ಹೋಗುವುದು ಕನ್ನಡಕದಂಗಡಿಗೆ. ಇಡೀ ಬೀದಿಯಲ್ಲಿ ಎಲ್ಲಕ್ಕಿಂತ ಎತ್ತರದ ಗಾಜು ಅದೇ. "ಇಲ್ಲಿ ಗೆರೆ ಬರ್ಲಿಲ್ಲ ಅಂದ್ರೆ ಇನ್ನೆಲ್ಲೂ ಬರಲ್ಲ," ಅನ್ನುವುದು ಅವರ ನಂಬಿಕೆ. ರಬ್ಬರ್ ಪರೀಕ್ಷೆಗೆ ಸುಲಭದ ಗಾಜನ್ನು ಅವರೆಂದೂ ಆರಿಸಿಕೊಂಡವರಲ್ಲ.

ನಾನು ಪುಕ್ಕಲಿ. ಪಾಪು ಎರಡು ಸಲ ಕೆಮ್ಮಿದರೆ ಫೋನು ತೆಗೆದು ಕೆಮ್ಮಿನ ಬಗ್ಗೆ ಓದಲು ಕೂರುತ್ತೇನೆ, ಓದಿ ಮುಗಿಸುವ ಹೊತ್ತಿಗೆ ಕೆಮ್ಮು ನನಗೇ ಬಂದಿರುತ್ತದೆ. "ಅಷ್ಟು ಓದಿಸಿದಾರೆ ನಿನ್ನ, ಓದಿದ್ದೆಲ್ಲ ಭಯಕ್ಕೇ ಖರ್ಚಾಗ್ತಿದೆಯಲ್ಲೇ," ಅಂತ ಅತ್ತೆ ಛೇಡಿಸುತ್ತಾರೆ. ಆದರೂ ಪಾಪುವನ್ನು ನಾನು ಎರಡನೇ ಯೋಚನೆಯಿಲ್ಲದೆ ಕೊಟ್ಟು ಸ್ನಾನಕ್ಕೆ ಹೋಗುವುದು ಅತ್ತೆಯ ಕೈಗೆ ಮಾತ್ರ.

ನೋವು ಯಾವಾಗ ಶುರುವಾಯಿತೆಂದು ಅವರು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ಜಡೆಯಿಂದ. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದುಕೊಂಡು ಬಂದು, "ಸ್ವಲ್ಪ ಜಡೆ ಹಾಕಿಬಿಡೇ," ಅಂದರು. ಮರುದಿನವೂ ಬಂದರು. ಮೂರನೆಯ ದಿನ ಕೇಳಲೇ ಇಲ್ಲ, ಸುಮ್ಮನೆ ನನ್ನ ಮುಂದೆ ಬೆನ್ನು ಮಾಡಿ ಕೂತರು. ಆಮೇಲೆ ತಲೆಯ ಮೇಲಿಂದ ಹಾಕುವ ಅಂಗಿಗಳೆಲ್ಲ ಪೆಟ್ಟಿಗೆ ಸೇರಿದವು, ಮುಂದೆ ಗುಂಡಿಯಿರುವವು ಮಾತ್ರ ಹೊರಗುಳಿದವು. ಪಾಪು ಎರಡೂ ಕೈ ಚಾಚಿ ಎತ್ತಿಕೋ ಎಂದರೆ ಅತ್ತೆ ಎತ್ತದೆ ತಾವೇ ನೆಲಕ್ಕೆ ಕೂತು ಮಡಿಲಿಗೆ ಎಳೆದುಕೊಳ್ಳತೊಡಗಿದರು.

"ಏನಾಗಿದೆ ಅತ್ತೆ ಕೈಗೆ?"

"ಏನಾಗುತ್ತೆ? ವಯಸ್ಸಾಗಿದೆ."

"ಬಲಗೈಗೆ ಮಾತ್ರ ವಯಸ್ಸಾಯ್ತಾ?"

"ಎಡಗೈ ಸೋಮಾರಿ. ಅದಕ್ಕಿನ್ನೂ ಹದಿನಾರು."

ಆದರೆ ಗಾಜಿನ ಮುಂದೆ ತಮಾಷೆ ನಡೆಯುವುದಿಲ್ಲ. ಬಲಗೈ ಕಿವಿಯ ಮಟ್ಟಕ್ಕೆ ಏಳುವುದನ್ನು ನಿಲ್ಲಿಸಿದ ಮೇಲೆ ಅತ್ತೆ ಸ್ಟೂಲಿನ ಮೇಲೆ ನಿಂತು ಒರೆಸಿ ನೋಡಿದರು. ಸ್ಟೂಲಿನಿಂದ ಇಳಿಯುವಾಗ ಎಳೆತ ನಿಲ್ಲಲೇಬೇಕು, ಗೆರೆ ಬಂತು. ಎಡಗೈಯಲ್ಲಿ ಒರೆಸಿದರು. ಗೆರೆಗಳ ಸಂಸಾರವೇ ಬಂತು. ಒಂದು ದಿನ ಕನ್ನಡಕದಂಗಡಿಯವರು ಹೊರಗೆ ಬಂದರು. ತುಂಬ ಮೆತ್ತಗೆ ಮಾತಾಡುವ ಮನುಷ್ಯ, ಅದೇ ಕಷ್ಟ. ಜೋರಾಗಿ ಬೈದಿದ್ದರೆ ಅತ್ತೆಯೂ ತಿರುಗಿ ಬೈದು ಹಗುರಾಗುತ್ತಿದ್ದರು.

"ಗಾಜಮ್ಮ, ತಪ್ಪು ತಿಳ್ಕೋಬೇಡಿ. ಚಪ್ಪಲಿ ಅಂಗಡಿ ಗಾಜಲ್ಲಿ ಗೆರೆ ಇದ್ರೆ ಯಾರೂ ಕೇಳಲ್ಲ. ನನ್ನ ಹತ್ರ ಬರೋರೇ ಕಣ್ಣು ಮಂಜಾಗಿದೆ ಅಂತ ಬರ್ತಾರೆ. ಒಳಗೆ ಕಾಲಿಡೋ ಮುಂಚೆನೇ ಇನ್ನೂ ಮಂಜಾಗಿ ಕಂಡ್ರೆ ಹೇಗೆ ಹೇಳಿ?"

ಯಂತ್ರ ತಂದು ಒರೆಸುವ ಕಂಪನಿಯೊಂದು ಬಂದು ಹೋಗಿದೆಯಂತೆ. ಇಡೀ ಬೀದಿಯನ್ನು ಒಟ್ಟಿಗೆ ಕೊಟ್ಟರೆ ಮಾತ್ರ ಅವರು ಬರುತ್ತಾರಂತೆ. ಉಳಿದ ಅಂಗಡಿಯವರೆಲ್ಲ ಕನ್ನಡಕದವರು ಏನನ್ನುತ್ತಾರೆಂದು ಕಾಯುತ್ತಿದ್ದಾರೆ. "ಚಳಿಗಾಲ ಮುಗಿಯೋವರೆಗೆ ನಾನು ಹೂಂ ಅನ್ನಲ್ಲ. ಅಷ್ಟರಲ್ಲಿ ಕೈ ಸರಿಮಾಡ್ಕೊಳ್ಳಿ. ಅಲ್ಲೀವರೆಗೆ ಗಾಜು ಆಯಾ ಅಂಗಡಿ ಕೆಲಸದವರೇ ನೋಡ್ಕೊಳ್ತಾರೆ," ಅಂದರು.

ಒಂದು ಗಾಜು ಹೋದರೆ ಬೀದಿಯೇ ಹೋಯಿತು. ಆ ದಿನ ಅತ್ತೆ ಮನೆಗೆ ಬಂದು ಬಕೆಟ್ಟನ್ನು ತೊಳೆಯದೆ ಹಾಗೇ ಮೂಲೆಗಿಟ್ಟರು.

ಹಾಗೆಂದು ಅವರು ಅದುವರೆಗೆ ಏನೂ ಮಾಡದೆ ಕೂತಿದ್ದರು ಅಂತಲ್ಲ. ಮುಲಾಮು ಹಚ್ಚಿ ಹಚ್ಚಿ ನಮ್ಮ ಮನೆಯ ದಿಂಬುಗಳಿಗೆಲ್ಲ ಆಸ್ಪತ್ರೆಯ ವಾಸನೆ ಬಂದಿತ್ತು. ಔಷಧಿ ಅಂಗಡಿಯವನು ಕೊಟ್ಟ ನೋವಿನ ಮಾತ್ರೆ ನೋವನ್ನು ಅರ್ಧ ತಗ್ಗಿಸಿತು, ಹೊಟ್ಟೆಯನ್ನು ಪೂರ್ತಿ ಉರಿಸಿತು. ಇವರು, ಅಂದರೆ ನನ್ನ ಗಂಡ, ಬಲವಂತವಾಗಿ ಫಿಸಿಯೋ ಹತ್ತಿರ ಕರೆದುಕೊಂಡು ಹೋದರು. ಅಲ್ಲಿನ ಹುಡುಗಿ ಕೈ ಹಿಡಿದು ಮೇಲಕ್ಕೆತ್ತಿದಾಗ ಅತ್ತೆಯ ಕಣ್ಣಲ್ಲಿ ನೀರು ಬಂತು. "ನನ್ನ ತೋಳನ್ನ ಹ್ಯಾಂಡ್‌ಪಂಪು ಅನ್ಕೊಂಡಿದಾಳೆ," ಅಂದವರು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಕೊನೆಗೆ ಮೂಳೆ ಡಾಕ್ಟರು ನೋಡಿದರು. ಭುಜದ ಕೀಲನ್ನು ಸುತ್ತಿಕೊಂಡಿರುವ ಪೊರೆ ಊದಿ, ದಪ್ಪವಾಗಿ, ಬಿಗಿದುಕೊಂಡಿದೆ, ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು ಅಂದರು. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಅದನ್ನೂ ಅವರು "ಸ್ವಲ್ಪ ಇದೆ" ಅನ್ನುತ್ತಾರೆ, ಮನೆಗೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆ. ಡಾಕ್ಟರು ಕೀಲಿನೊಳಗೇ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರು. ಕೆಲವು ವಾರ ಅತ್ತೆ ಹಾಡಿಕೊಂಡು ಓಡಾಡಿದರು. ಆದರೆ ಸಕ್ಕರೆ ಏಕಾಏಕಿ ಮೇಲಕ್ಕೆ ಹಾರಿ, ಇಳಿಸುವಷ್ಟರಲ್ಲಿ ನಮಗೆಲ್ಲ ಸಾಕುಸಾಕಾಯಿತು. ಸಕ್ಕರೆ ಇಳಿಯಿತು, ನೋವು ಏರಿತು.

"ಇಷ್ಟು ಬೇಗ ಇನ್ನೊಂದು ಸ್ಟಿರಾಯ್ಡ್ ಕೊಡೋಕೆ ನನಗೆ ಮನಸ್ಸಿಲ್ಲ," ಅಂದರು ಮೂಳೆ ಡಾಕ್ಟರು. "ಸಣ್ಣ ತೂತು ಮಾಡಿ ಆ ಪೊರೆ ಬಿಡಿಸೋ ಆಪರೇಷನ್ ಇದೆ. ಅದಕ್ಕೆ ಮುಂಚೆ ನೋವಿನ ಡಾಕ್ಟರನ್ನ ಕಂಡು ನರ್ವ್ ಬ್ಲಾಕ್, ಅಂದ್ರೆ ನರದ ಪಕ್ಕಕ್ಕೆ ಕೊಡೋ ಇಂಜೆಕ್ಷನ್, ಅದರ ಬಗ್ಗೆ ಕೇಳಿ."

ಊಟಕ್ಕೆ ಕೂತಾಗ ಅದೇ ಮಾತು. ಆಗಲೇ ನಾನು ಓದಿ ಮುಗಿಸಿದ್ದೆ.

"ಸೂಜಿ ಜಾರಿ ಶ್ವಾಸಕೋಶಕ್ಕೆ ತಗಲಬಹುದಂತೆ," ಅಂದೆ.

"ಅಪರೂಪಕ್ಕೆ ಅಂತ ಬರೆದಿರುತ್ತೆ ಪಕ್ಕದಲ್ಲಿ, ಅದನ್ನೂ ಓದು," ಅಂದರು ಇವರು.

"ಆ ಅಪರೂಪದವರು ಯಾರೋ ಒಬ್ಬರು ಇರಬೇಕಲ್ಲ. ಅದು ಅತ್ತೆನೇ ಆದ್ರೆ?"

ಅತ್ತೆ ತಟ್ಟೆಯಿಂದ ತಲೆಯೆತ್ತಲಿಲ್ಲ. "ನಾನಿಲ್ಲಿ ಕೂತಿದೀನಿ. ನನ್ನ ಶ್ವಾಸಕೋಶ ಹಂಚ್ಕೊಳ್ಳೋಕೆ ಮುಂಚೆ ನನ್ನನ್ನೂ ಒಂದು ಮಾತು ಕೇಳಿ."

ನೋವಿನ ಡಾಕ್ಟರು ಹೆಂಗಸು, ಅತ್ತೆಯದೇ ವಯಸ್ಸಿರಬಹುದು. ಮೇಜಿನ ಮೇಲೆ ಭುಜದ ಮೂಳೆಗಳ ಒಂದು ಪ್ಲಾಸ್ಟಿಕ್ ಗೊಂಬೆ ಇತ್ತು. ಪಾಪು ಅದಕ್ಕೆ ಕೈಹಾಕದಂತೆ ಹಿಡಿದುಕೊಂಡು ನಾನು ಪ್ರಶ್ನೆಗಳ ಮಳೆ ಸುರಿಸಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಗೊಂಬೆ ತಿರುಗಿಸಿ, ಬೆನ್ನ ಕಡೆಯ ಅಗಲ ಮೂಳೆಯ ಮೇಲಂಚಿನಲ್ಲಿ ಒಂದು ಕಚ್ಚು ತೋರಿಸಿದರು.

"ಭುಜದಿಂದ ನೋವಿನ ಸುದ್ದಿ ಒಯ್ಯೋ ಮುಖ್ಯ ನರ ಇಲ್ಲಿ ಹಾದುಹೋಗುತ್ತೆ. ಸ್ಕ್ಯಾನ್ ಮೆಷಿನಲ್ಲಿ ಸೂಜಿ ನೋಡ್ಕೊಂಡೇ ಅದರ ಪಕ್ಕಕ್ಕೆ ಮರಗಟ್ಟಿಸೋ ಔಷಧಿ ಬಿಡ್ತೀವಿ. ಕಣ್ಣಿಗೆ ಕಾಣೋದ್ರಿಂದ ನೀವು ಓದಿದ ಅಪಾಯ ತುಂಬಾ ಕಡಿಮೆ. ಇಲ್ಲವೇ ಇಲ್ಲ ಅನ್ನಲ್ಲ."

"ಕೀಲಿಗೆ ಕೊಟ್ಟ ಇಂಜೆಕ್ಷನ್ನಿಗಿಂತ ಇದು ಒಳ್ಳೇದಾ?" ಕೇಳಿದೆ.

"ಕೆಲವರಿಗೆ ಅದು, ಕೆಲವರಿಗೆ ಇದು. ಎರಡನ್ನೂ ಹೋಲಿಸಿ ನೋಡಿದವರೇ ಒಂದು ಮಾತಿಗೆ ಬಂದಿಲ್ಲ. ನಿಮ್ಮತ್ತೆಗೆ ನಾನು ಇದನ್ನ ಹೇಳೋದು ಯಾಕೆ ಅಂದ್ರೆ ಇದನ್ನ ಸ್ಟಿರಾಯ್ಡ್ ಇಲ್ಲದೇನೂ ಕೊಡಬಹುದು, ಸಕ್ಕರೆ ಕೆಣಕಬೇಕಾಗಿಲ್ಲ. ಮಾತ್ರೆ ಹೊಟ್ಟೆಗೆ ಆಗಿಬರ್ಲಿಲ್ಲ. ಆಪರೇಷನ್ ಆದ್ರೆ ಒಂದಷ್ಟು ಕಾಲ ಕೆಲಸ ಬಿಡಬೇಕು, ಅದೂ ಅಲ್ಲದೆ ಇನ್ನೂ ಬೇರೆ ದಾರಿ ಇರುವಾಗ ನಾನು ಅಲ್ಲಿಗೆ ಹೋಗಲ್ಲ. ಸುಮ್ನೆ ಬಿಟ್ರೂ ಹೆಚ್ಚಿನವರ ಭುಜ ಒಂದೆರಡು ವರ್ಷದಲ್ಲಿ ಸುಮಾರಾಗಿ ಸಡಿಲ ಆಗುತ್ತೆ."

"ಎರಡು ವರ್ಷ ಆ ಗಾಜು ನನಗೋಸ್ಕರ ಕೊಳೆ ಹಿಡ್ಕೊಂಡು ಕೂತಿರುತ್ತಾ?" ಅಂದರು ಅತ್ತೆ. "ಇದನ್ನ ಹಾಕಿಸ್ಕೊಂಡ್ರೆ ನೋವು ಹೋಗೋದು ಗ್ಯಾರಂಟಿನಾ?"

"ಗ್ಯಾರಂಟಿ ಬೇಕಂದ್ರೆ ಮಿಕ್ಸಿ ಅಂಗಡಿಗೆ ಹೋಗಬೇಕು. ಕೆಲವರಿಗೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ಆ ದಿನಕ್ಕೆ ಮಾತ್ರ. ಇನ್ನೊಂದು ವಿಷಯ. ಯಾವ ದಾರಿ ಹಿಡಿದ್ರೂ ಕೊನೆಗೆ ಆ ಫಿಸಿಯೋ ಹುಡುಗಿ ಬಾಗಿಲಿಗೇ ಬರಬೇಕು. ನಾನು ನೋವು ತಗ್ಗಿಸ್ತೀನಿ, ಭುಜ ಬಿಡಿಸೋದು ನೀವೇ."

ಅತ್ತೆಯ ಮುಖ ಸಣ್ಣಗಾಯಿತು. ಆದರೂ ಹೂಂ ಅಂದರು.

ಬ್ಲಾಕ್ ಕೊಟ್ಟ ಬೆಳಿಗ್ಗೆ ನಾನು ಹೊರಗಿನ ಬೆಂಚಿನಲ್ಲಿ ಪಾಪುವನ್ನು ಅದುಮಿಕೊಂಡು ಕೂತಿದ್ದೆ. ಪಾಪುವೇ ಉಸಿರುಕಟ್ಟಿ ಕೊಸರಾಡಿತು. ಬಾಗಿಲು ತೆರೆದು ಬಂದ ಅತ್ತೆಯ ಮುಖ ನೋಡಿ ಇವರು ಎದ್ದು ನಿಂತರು. ಎಷ್ಟೋ ತಿಂಗಳಿಂದ ಆ ಹುಬ್ಬುಗಳ ನಡುವೆ ಇದ್ದ ಗಂಟು ಮಾಯವಾಗಿತ್ತು.

"ನೋವೇ ಇಲ್ಲ ಕಣೋ," ಅಂದರು ಮಗನಿಗೆ. "ತೋಳು ಯಾರದೋ ಅನ್ನಿಸ್ತಿದೆ."

ಡಾಕ್ಟರು ಹಿಂದೆಯೇ ಬಂದು ಹೇಳಿದರು: "ಈಗ ನೋವೂ ಇಲ್ಲ, ಬಲವೂ ಇಲ್ಲ. ಇವತ್ತು ಆ ಕೈಗೆ ಯಾವ ಕೆಲಸವೂ ಬೇಡ. ನಾಳೆಯಿಂದ ವ್ಯಾಯಾಮ." ಅತ್ತೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ಇವರು ನಂಬಿ ಕೆಲಸಕ್ಕೆ ಹೋದರು, ನಾನು ನಂಬಿ ಮನೆಗೆ ಬಂದು ಪಾಪುವನ್ನು ಮಲಗಿಸಲು ಹೋದೆ.

ಪಾಪು ಮಲಗಿದ ಮೇಲೆ ಹೊರಗೆ ಬಂದು ನೋಡಿದರೆ ಅತ್ತೆ ಇಲ್ಲ. ಮೂಲೆಯಲ್ಲಿ ಬಕೆಟ್ಟೂ ಇಲ್ಲ.

ನಿದ್ದೆಗಣ್ಣಿನ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಎಲ್ಲಿಗೆ ಅಂತ ಯೋಚಿಸಬೇಕಾಗಿರಲಿಲ್ಲ. ಹೊಸ ರಬ್ಬರ್ ಹಾಕಿದವರು ಹೋಗುವಲ್ಲಿಗೇ ಹೊಸ ಭುಜ ಹಾಕಿಸಿಕೊಂಡವರೂ ಹೋಗಿದ್ದರು. ಕನ್ನಡಕದಂಗಡಿಯ ಎತ್ತರದ ಗಾಜಿಗೆ ಎಡಗೈಯಲ್ಲಿ ನೊರೆ ಬಳಿದು ಮುಗಿದಿತ್ತು. ನಾನು ಚಪ್ಪಲಿ ಅಂಗಡಿ ದಾಟುವಾಗ ಅತ್ತೆ ಬಲಗೈಗೆ ಎಡಗೈ ಆಸರೆ ಕೊಟ್ಟು ವೈಪರನ್ನು ಮೇಲಂಚಿನ ಕಡೆಗೆ ತಳ್ಳುತ್ತಿದ್ದರು. "ಅತ್ತೆ" ಎಂದು ಕೂಗುವಷ್ಟರಲ್ಲಿ ಎಡಗೈ ಬಿಟ್ಟರು.

ತೋಳು ಕಡಿದ ಕೊಂಬೆಯ ಹಾಗೆ ಕೆಳಗೆ ಬಿತ್ತು. ವೈಪರ್ ಬಕೆಟ್ಟಿಗೆ ಬಡಿದು ಬಕೆಟ್ ಉರುಳಿ, ಸೋಪಿನ ನೀರು ಅಂಗಡಿಯ ಮೆಟ್ಟಿಲಿಳಿದು ಬೀದಿಗೆ ಹರಿಯಿತು. ಅತ್ತೆಗೆ ನೋಯಲಿಲ್ಲ, ಅದು ಇನ್ನೂ ಭಯಂಕರವಾಗಿತ್ತು. ಜೋತುಬಿದ್ದ ಕೈಯನ್ನು ಅವರು ಬೇರೆಯವರ ಕೈ ನೋಡುವಂತೆ ನೋಡುತ್ತ ನಿಂತಿದ್ದರು. ಗಾಜಿನ ಆಚೆ ಕನ್ನಡಕ ಆರಿಸುತ್ತಿದ್ದ ಗಿರಾಕಿಗಳೆಲ್ಲ ಈಚೆ ನೋಡುತ್ತಿದ್ದರು. ನೊರೆ ಒಣಗಿ ಗಾಜೆಲ್ಲ ಬಿಳಿಬಿಳಿಯಾಯಿತು. ಅಂಗಡಿಯವರು ಒಳಗಿನಿಂದ ಒಂದು ಬಟ್ಟೆ ತಂದು ತಾವೇ ಒರೆಸತೊಡಗಿದರು.

ಮರುದಿನ ಔಷಧದ ಜೋಮು ಪೂರ್ತಿ ಇಳಿದಾಗ, ನಿಲ್ಲಿಸಿಟ್ಟಿದ್ದ ನೋವೆಲ್ಲ ಬಡ್ಡಿ ಸಮೇತ ವಾಪಸ್ಸು ಬಂತು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ಇವರು ಬೈಯಲಿಲ್ಲ, ಅವರಿಗೆ ಅಮ್ಮನನ್ನು ಬೈದು ರೂಢಿಯಿಲ್ಲ.

"ಕೊಯ್ಸಿಬಿಡಿ," ಅಂದರು ಗೋಡೆಗೆ. "ಆ ಸೂಜಿ ಪ್ರಯೋಜನ ಇಲ್ಲ."

"ಸೂಜಿ ಏನು ಮಾಡುತ್ತೆ ಅತ್ತೆ? ನೋವು ತಗ್ಗಿಸ್ತೀನಿ ಅಂತು, ತಗ್ಗಿಸ್ತು. ಗಾಜು ಒರೆಸಿಕೊಡ್ತೀನಿ ಅಂತ ಅದು ಎಲ್ಲಿ ಹೇಳ್ತು?"

ಈ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ. ಆ ಸೂಜಿಯನ್ನು ನನಗಿಂತ ಹೆಚ್ಚು ದ್ವೇಷಿಸಿದವರು ಮನೆಯಲ್ಲಿ ಇರಲಿಲ್ಲ. ಅತ್ತೆ, "ಲಾಯರ್ ಆಗಬೇಕಿತ್ತು ನೀನು," ಅಂದರು. ಆದರೆ ಈ ಕಡೆ ತಿರುಗಿದರು.

ನೋವಿನ ಡಾಕ್ಟರು ನಡೆದದ್ದನ್ನು ಕೇಳಿ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡರು. ಭುಜ ಮುಟ್ಟಿ, ತಿರುಗಿಸಿ, ಹೊಸದಾಗಿ ಏನೂ ಹರಿದಿಲ್ಲವೆಂದು ಸ್ಕ್ಯಾನಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆ ಹೇಳಿದರು: "ನೋವು ಹೋದ ತಕ್ಷಣ ಭುಜ ಬಿಚ್ಚಿಕೊಂಡಿರಲ್ಲ. ಬೀಗ ಹಾಕಿದ ಮನೆಯಲ್ಲಿ ಅಳೋ ಮಗು ಸುಮ್ಮನಾಗಿದೆ, ಅಷ್ಟೆ. ಮಗು ಮಲಗಿರೋವಾಗ ಮೆಲ್ಲಗೆ ಬೀಗ ಬಿಚ್ಚಬೇಕು. ನೀವು ಬಾಗಿಲು ಒದ್ದಿರಿ." ಕೆಲವು ವಾರ ಬಿಟ್ಟು ಇನ್ನೊಮ್ಮೆ ಬ್ಲಾಕ್ ಕೊಡಬಹುದು, ಆದರೆ ಈ ಸಲ ಫಿಸಿಯೋ ಹುಡುಗಿ ಒಪ್ಪಿದರೆ ಮಾತ್ರ ಅಂದರು. ಅತ್ತೆ ಹ್ಯಾಂಡ್‌ಪಂಪಿನ ಹುಡುಗಿಯ ಮುಂದೆ ಮತ್ತೆ ಹೋಗಿ ಕೂರಬೇಕಾಯಿತು.

ಎರಡನೆಯ ಬ್ಲಾಕ್ ಆದ ದಿನ ಅತ್ತೆ ಕೈಗೆ ಜೋಲಿ ಹಾಕಿಕೊಂಡು ಇಡೀ ದಿನ ಕುರ್ಚಿಯಲ್ಲಿ ಕೂತಿದ್ದರು. ಬಕೆಟ್ಟನ್ನು ನಾನು ನಮ್ಮ ಮಂಚದ ಕೆಳಗೆ ಬಚ್ಚಿಟ್ಟಿದ್ದೆ. ಈ ಸಲ ಜೋಮು ಇಳಿದ ಮೇಲೂ ನೋವು ಮೊದಲಿನ ಮಟ್ಟಕ್ಕೆ ಏರಲಿಲ್ಲ. ಬಲಮಗ್ಗುಲಿಗೆ ಹೊರಳಿದರೂ ಎಚ್ಚರವಾಗಲಿಲ್ಲ ಅಂದರು. ಅದೇ ದೊಡ್ಡ ಸುದ್ದಿ.

ವ್ಯಾಯಾಮ ಮಾತ್ರ ಎಮ್ಮೆಯನ್ನು ನೀರಿನಿಂದ ಎಬ್ಬಿಸಿದ ಹಾಗೆ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಮೆಲ್ಲಗೆ ಮೇಲಕ್ಕೆ ನಡೆಸಬೇಕು. "ಇಷ್ಟು ವಯಸ್ಸಿಗೆ ನನ್ನನ್ನ ಹಲ್ಲಿ ಮಾಡಿದಳು," ಅನ್ನುವರು. ನಾನು ಅಡುಗೆಮನೆಯಿಂದ ಇಣುಕಿದರೆ ಗೋಡೆಗೆ ಕೈಯಿಟ್ಟು ಬೀದಿ ನೋಡುತ್ತ ನಿಂತಿರುವರು. ದಿನಗಳು ಹೋಗುತ್ತಿದ್ದವು. ಚಳಿಗಾಲವೂ ಹೋಗುತ್ತಿತ್ತು. ಬ್ಲಾಕಿನಿಂದ ಸಿಕ್ಕ ಬಿಡುವು ಹೀಗೇ ಪೋಲಾಗಿ ನೋವು ತಿರುಗಿ ಬಂದರೆ ಏನು ಗತಿ ಅಂತ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು, ಎಡಗೈಯಲ್ಲಿ. ನಡುವೆ ಗಾಜಿನ ಬಾಗಿಲು. ಒಳಗಿನಿಂದ ಪಾಪು, ಬಾಳೆಹಣ್ಣು ತಿಂದ ಕೈಯನ್ನು ಗಾಜಿಗೆ ಚಪ್ಪಟೆಯಾಗಿ ಒತ್ತಿತು. ಅತ್ತೆಗೆ ಗಾಜಿನ ಮೇಲೆ ಕಲೆ ಕಂಡರೆ ತಡೆಯದು. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಹೊರಗಿನಿಂದಲೇ ಒರೆಸಿದರು. ಕಲೆ ಒಳಗಿದ್ದದ್ದು, ಹೋಗಲಿಲ್ಲ. ಪಾಪುವಿಗೆ ಇದು ಆಟ. ಕೈ ಸ್ವಲ್ಪ ಮೇಲಿಟ್ಟಿತು. ಅತ್ತೆಯ ಬಟ್ಟೆ ಬೆನ್ನಟ್ಟಿತು. ಬೆನ್ನಟ್ಟಿದ್ದು ಬಲಗೈ ಅಂತ ಅವರಿಗೇ ತಿಳಿದಿರಲಿಲ್ಲ.

ನಾನು ಪಾಪುವನ್ನು ಆ ಬಾಗಿಲಿಗೆ ಒರಗಲೂ ಬಿಡುತ್ತಿರಲಿಲ್ಲ. ಗಾಜಿನ ಬಾಗಿಲು ಒಡೆದ ಸುದ್ದಿಗಳನ್ನೆಲ್ಲ ಓದಿ ಅದರ ಮುಂದೆ ಒಂದು ಕುರ್ಚಿಯನ್ನೇ ಅಡ್ಡ ಇಟ್ಟಿದ್ದೆ, ಅದನ್ನು ಯಾರೋ ಸರಿಸಿದ್ದರು. ಓಡಿ ಹೋಗಿ ಪಾಪುವನ್ನು ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ಕಣ್ಣಿಗೆ ಬಿದ್ದದ್ದು ಅತ್ತೆಯ ಮೊಣಕೈ. ಅದು ಎದೆಯ ಮಟ್ಟಕ್ಕೆ ಬಂದಿತ್ತು. ಗೋಡೆಯ ಮುಂದೆ ಅದು ಎಂದೂ ಅಲ್ಲಿಯವರೆಗೆ ಬಂದಿರಲಿಲ್ಲ.

"ಅತ್ತೆ, ಈ ಗಾಜು ಗಟ್ಟಿ ಇದೆಯಾ?" ಒಳಗಿನಿಂದ ಕೂಗಿದೆ.

ಅವರು ಬೆರಳ ಗಂಟಿನಿಂದ ಟಕಟಕ ಬಡಿದರು. "ನಿನ್ನ ತಲೆಗಿಂತ ಸ್ವಲ್ಪ ಕಡಿಮೆ."

ಪಾಪುವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಒಂದಿಷ್ಟು ಮೇಲಕ್ಕೆತ್ತಿ ಗಾಜಿನ ಹತ್ತಿರ ತಂದೆ. ಪಾಪು ಗಾಜಿಗೆ ಅಂಗೈ ಇಟ್ಟಿತು. ಅತ್ತೆ ನನ್ನ ಮುಖ ನೋಡಿದರು, ಅರ್ಥ ಮಾಡಿಕೊಂಡರು. ಬಟ್ಟೆಯನ್ನು ಆ ಅಂಗೈಯವರೆಗೆ ತಂದರು.

ಅಂದಿನಿಂದ ಅದೇ ನಮ್ಮ ಮನೆಯ ವ್ಯಾಯಾಮ. ತಿಂಡಿಯಾದ ಮೇಲೆ ಒಮ್ಮೆ, ಸಂಜೆ ಒಮ್ಮೆ. ಪಾಪು ಒಳಗಿನಿಂದ ಕೈಯಿಡುವುದು, ಅತ್ತೆ ಹೊರಗಿನಿಂದ ಒರೆಸುವುದು. ಒಂದು ದಿನ ಪಾಪುವನ್ನು ಹೆಚ್ಚೇ ಎತ್ತಿದೆ. ಅತ್ತೆ ಹಲ್ಲು ಕಚ್ಚಿದರು. ಫಿಸಿಯೋ ಹುಡುಗಿಗೆ ಹೇಳಿದಾಗ ಅವಳು, "ಸ್ವಲ್ಪ ಎಳೆದ ಹಾಗೆ ಆಗಬೇಕು, ಹಲ್ಲು ಕಚ್ಚೋ ಹಾಗಲ್ಲ. ಹಲ್ಲು ಕಚ್ಚಿದ್ರೆ ಪಾಪುನ ಇಳಿಸಿ," ಅಂದಳು. ಅತ್ತೆಗೆ ಅವಳ ಮೇಲೆ ಆವತ್ತು ಮೊದಲ ಸಲ ಗೌರವ ಬಂತು. ಪಾಪುವಿಗೆ ಆಟ ಬೇಜಾರಾದ ದಿನ ಇವರನ್ನು ನಿಲ್ಲಿಸಿಕೊಂಡೆವು. ಅಷ್ಟು ದೊಡ್ಡ ಮನುಷ್ಯ ಗಾಜಿಗೆ ಅಂಗೈ ಒತ್ತಿಕೊಂಡು, "ಅಮ್ಮ, ಇಲ್ಲಿ ನೋಡು," ಅನ್ನುವಾಗ ಕೆಳಗಿನ ಮನೆಯವರು ತಲೆಯೆತ್ತಿ ನೋಡಿ ಒಳಗೆ ಹೋಗುತ್ತಿದ್ದರು.

ಮೊಣಕೈ ಗಲ್ಲದ ಮಟ್ಟಕ್ಕೆ ಬಂತು. ಒಂದು ಬೆಳಿಗ್ಗೆ ಅತ್ತೆ ಬಾಚಣಿಗೆ ತರಲಿಲ್ಲ, ಹೋಗಿ ನೋಡಿದರೆ ಕನ್ನಡಿಯ ಮುಂದೆ ತಾವೇ ಜಡೆ ಹೆಣೆಯುತ್ತಿದ್ದರು. ಸೊಟ್ಟಗಿತ್ತು. ಸರಿಮಾಡಲು ಹೋದವಳನ್ನು ಕಣ್ಣಲ್ಲೇ ತಡೆದರು.

ಪೂರ್ತಿ ಗುಣವಾಗಲಿಲ್ಲ, ಅದನ್ನೂ ಬರೆಯಬೇಕು. ಕೈ ಬೆನ್ನ ಹಿಂದಕ್ಕೆ ಇನ್ನೂ ಹೋಗುವುದಿಲ್ಲ. ತಲೆಯ ಮೇಲೆ ಒಂದು ಹಂತ ದಾಟಿದರೆ ಹಿಡಿದುಕೊಳ್ಳುತ್ತದೆ. ಕನ್ನಡಕದಂಗಡಿಯ ಗಾಜು ಆ ಹಂತಕ್ಕಿಂತ ಎತ್ತರ. ಫಿಸಿಯೋ ಹುಡುಗಿ ವೈಪರಿಗೆ ಸಿಕ್ಕಿಸುವ ಒಂದು ಗಿಡ್ಡ ಕೋಲು ತರಿಸಿಕೊಳ್ಳಲು ಹೇಳಿದಳು. ಆದರೆ ಕೋಲಿನ ಎಳೆತ, ಕೈಯ ಎಳೆತ ಎರಡಾದರೆ ಎರಡೂ ಸೇರುವ ಕಡೆ ಗೆರೆ ಬರಬೇಕಲ್ಲ. ಅತ್ತೆ ಎರಡು ವಾರ ಬಾಲ್ಕನಿಯ ಬಾಗಿಲನ್ನು ನೊರೆಯಲ್ಲಿ ಮುಳುಗಿಸಿದರು. ಮೊದಲು ಕೋಲಿನಿಂದ ಮೇಲಿನ ಪಟ್ಟಿಯನ್ನು ಅಡ್ಡಕ್ಕೆ ಒಂದೇ ಸಲ ಎಳೆದು, ರಬ್ಬರಿನ ತುದಿ ಒರೆಸಿ ಒಣಗಿಸಿ, ಆ ಒಣ ಪಟ್ಟಿಯೊಳಗಿನಿಂದಲೇ ಕೈಯ ಎಳೆತ ಶುರುಮಾಡಿದರೆ ಗೆರೆ ಬರುವುದಿಲ್ಲ ಅಂತ ಕಂಡುಕೊಂಡರು. ನಮ್ಮ ನಡುಮನೆಯ ನೆಲ ಮಾತ್ರ ಎರಡು ವಾರ ಜಾರುತ್ತಿತ್ತು.

ಚಳಿ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಅತ್ತೆ ಬಕೆಟ್ ಕೇಳಿದರು. ಮಂಚದ ಕೆಳಗಿನಿಂದ ತೆಗೆದುಕೊಟ್ಟು, ಪಾಪುವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹಿಂದೆಯೇ ಹೋದೆ. ಬೇಡ ಅನ್ನಲಿಲ್ಲ. ನೇರ ಕನ್ನಡಕದಂಗಡಿಗೇ ಹೋಗುತ್ತಾರೆಂದುಕೊಂಡಿದ್ದೆ. ಇಲ್ಲ. ಮೊದಲು ಔಷಧಿ ಅಂಗಡಿಯ ಗಿಡ್ಡ ಗಾಜು, ಆಮೇಲೆ ಚಪ್ಪಲಿ ಅಂಗಡಿ. ಕೈ ಬೆಚ್ಚಗಾದ ಮೇಲೆ ತುದಿಗೆ ಹೋದರು.

ಕೋಲಿನಿಂದ ಮೇಲಿನ ಪಟ್ಟಿ. ಆಮೇಲೆ ಕೋಲು ಕಳಚಿ, ರಬ್ಬರ್ ಒರೆಸಿ, ಬಲಗೈಯಲ್ಲಿ ವೈಪರ್. ಎಡಕ್ಕೆ, ಬಲಕ್ಕೆ, ಎಡಕ್ಕೆ. ಎದೆಯ ಮಟ್ಟಕ್ಕೆ ಬಂದಾಗ ಕೈ ಒಂದು ಕ್ಷಣ ನಿಧಾನವಾಯಿತು, ನಿಲ್ಲಲಿಲ್ಲ. ಕೆಳಗಿನವರೆಗೆ ಬಂತು. ನಾನು ತಳ್ಳುಗಾಡಿಯ ಹಿಡಿಯನ್ನು ಬೆರಳು ಬಿಳುಚುವಷ್ಟು ಹಿಡಿದುಕೊಂಡಿದ್ದೆ.

ಅಂಗಡಿಯವರು ಹೊರಗೆ ಬಂದರು. ಬಗ್ಗಿ ನೋಡಿದರು, ಪಕ್ಕದಿಂದ ನೋಡಿದರು, ಬಿಸಿಲಿಗೆ ಅಡ್ಡವಾಗಿ ನಿಂತು ನೋಡಿದರು.

"ಈ ಮೂಲೆಯಲ್ಲಿ ಏನೋ ಒಂದು ಚೂರು ಇದೆ, ಗಾಜಮ್ಮ."

"ಅದು ಒಳಗಡೆ ಇದೆ. ಒಳಗಡೆ ನಿಮ್ಮ ಕೆಲಸದವರದು. ಬೇಕಾದ್ರೆ ನಾನು ಹೇಳ್ಕೊಡ್ತೀನಿ."

ಅವರು ಉಗುರಿನಿಂದ ಕೆರೆದು ನೋಡಿದರು. ಒಳಗೇ ಇತ್ತು. ಮೆತ್ತಗೆ ನಕ್ಕರು. "ಕಂಪನಿಯವರು ನಾಳೆ ಫೋನ್ ಮಾಡ್ತಾರೆ. ಬೇಡ ಅಂತೀನಿ. ಉಳ್ದವರಿಗೂ ಹೇಳ್ತೀನಿ," ಅಂದು ಒಳಗೆ ಹೋದರು.

ಅತ್ತೆ ಬಕೆಟ್ಟಿನ ನೀರು ಚೆಲ್ಲಿ ಕೂದಲಿನ ಅಂಗಡಿಯ ನಲ್ಲಿಯಲ್ಲಿ ಹೊಸ ನೀರು ಹಿಡಿದರು. ಎತ್ತಿದ್ದು ಎಡಗೈಯಲ್ಲಿ. ಅದನ್ನು ನೋಡಿದ ಕೂಡಲೇ ನನಗೆ ಬೇರೆ ಚಿಂತೆ ಹುಟ್ಟಿತು. ಸಕ್ಕರೆ ಇರುವವರಿಗೆ ಇನ್ನೊಂದು ಭುಜಕ್ಕೂ ಹೀಗಾಗುವುದುಂಟು ಅಂತ ನೋವಿನ ಡಾಕ್ಟರು ಹೇಳಿದ್ದರು. ಬಲಭುಜಕ್ಕೂ ಮುಂದೆ ಇನ್ನೊಂದು ಬ್ಲಾಕ್ ಬೇಕಾಗಬಹುದು, ನೋಡೋಣ ಅಂದಿದ್ದರು.

"ಅತ್ತೆ, ಎಡಗೈಗೂ ಬಂದ್ರೆ?"

"ಬಂದ್ರೆ ಹೋಗೋ ದಾರಿ ಈಗ ಗೊತ್ತಿದೆಯಲ್ಲ. ಆವಾಗ ಯಾರ ಮಾತೂ ಕೇಳದೆ ಗಾಜು ಒರೆಸೋಕೆ ಓಡಲ್ಲ." ಬ್ಯಾಂಕಿನ ಗಾಜಿಗೆ ಸ್ಪಂಜು ಹಚ್ಚಿದ್ದವರು ತಿರುಗಿ ನನ್ನನ್ನು ನೋಡಿದರು. "ಸ್ವಲ್ಪ ಪಕ್ಕಕ್ಕೆ ಸರಿಯೇ. ನಿನ್ನ ನೆರಳಲ್ಲಿ ಕೊಳೆ ಯಾವುದು ಅಂತಾನೇ ಕಾಣ್ತಿಲ್ಲ."